ಹೂಂ ಎನ್ನುವಷ್ಟು ಜಾಗ

ಅಘನಾಶಿನಿಯ ಹೊಳೆಬಾಯಲ್ಲಿ ಬಳಚಿನ ಚಿಪ್ಪು ಹೆಕ್ಕುವ ಮುನ್ನೂರ ನಲವತ್ತು ಹೆಂಗಸರಿಗೆ ದಿನಾ ಬೆಳಿಗ್ಗೆ ಐದೂವರೆಗೆ ಕುಮಟೆಯ ನಮ್ಮ ಆಫೀಸಿನಿಂದ ಒಂದು ಫೋನ್ ಹೋಗುತ್ತದೆ. ನಾವು ಯಾರೂ ಎದ್ದು ಮಾಡುವುದಲ್ಲ, ಕಂಪ್ಯೂಟರೇ ಮಾಡುತ್ತದೆ. ಎತ್ತಿದರೆ ಜಯಶ್ರೀಯ ದನಿ. ಇವತ್ತು ಪಂಚಮಿ, ನೀರು ಒಂಬತ್ತೂವರೆಗೆ ಪೂರಾ ಇಳೀತದೆ, ಗಾಳಿ ಕಮ್ಮಿ ಅದೆ, ಗಾಡಿ ಒಂದು ಗಂಟೆಗೆ ಬರ್ತದೆ. ಗಾಡಿಯೆಂದರೆ ಹೆಕ್ಕಿದ ಬಳಚನ್ನು ಒಯ್ಯುವ ಟೆಂಪೊ. ತಿಥಿ, ಗಂಟೆ, ಗಾಳಿ, ಗಾಡಿ ಎಂದು ಒಟ್ಟು ತೊಂಬತ್ತನಾಲ್ಕು ತುಣುಕುಗಳನ್ನು ಅವಳು ಆರು ವರ್ಷದ ಹಿಂದೆ ಹೇಳಿಟ್ಟು ಹೋಗಿದ್ದಳು. ಆಯಾ ದಿನಕ್ಕೆ ಬೇಕಾದ ತುಣುಕುಗಳನ್ನು ಜೋಡಿಸಿ ಕಳಿಸುವ ಪ್ರೋಗ್ರಾಂ ನನ್ನದು.

ಹೋಗಿದ್ದಳು ಎಂದರೆ ಬಹಳ ದೂರವೇನಲ್ಲ, ಭಟ್ಕಳಕ್ಕೆ. ಬಸ್ಸಿನಲ್ಲಿ ಎರಡು ತಾಸು. ಆರು ವರ್ಷದಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ.

ನಾನು ಧಾರೇಶ್ವರದವನು. ಹಗಲು ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ಹೊನ್ನಾವರಕ್ಕೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವನು. ಜಯಶ್ರೀಯೂ ಅದೇ ಸಂಜೆ ತರಗತಿಯವಳು, ಹಾಲಕ್ಕಿ ಒಕ್ಕಲಿಗರ ಮನೆಯ ಹುಡುಗಿ. ಹಗಲು ಮನೆಯವರೊಂದಿಗೆ ತರಕಾರಿ ಮಾರಿ, ಬುಟ್ಟಿಯನ್ನು ತರಗತಿಯ ಬಾಗಿಲ ಹಿಂದೆ ಕವುಚಿಟ್ಟು ಒಳಗೆ ಬರುತ್ತಿದ್ದಳು. ಡಿಪ್ಲೊಮಾ ಮುಗಿದ ಮೇಲೆ ಇಬ್ಬರಿಗೂ ಭಾಸ್ಕರಣ್ಣ ನಡೆಸುವ ಕುಮಟೆಯ ಈ ಆಫೀಸಿನಲ್ಲೇ ಕೆಲಸವಾಯಿತು. ಒಂದು ಸಂಸ್ಥೆಯ ನೆರವಿನಿಂದ ಈ ಫೋನಿನ ಸೇವೆಯನ್ನು ನಾವಿಬ್ಬರೂ ಸೇರಿ ಕಟ್ಟಿದೆವು. ಮೆಷಿನ್ ದನಿ ಸಾಕು ಎಂದು ನಾನು ಹೇಳಿದ್ದೆ. ಬೇಡವೆಂದವಳು ಅವಳು.

ಹಗಲು ಕಾಲೇಜಿಗೆ ಹೋದವರಿಗೆ ತಾನಾಗಿ ಗೊತ್ತಿರುವ ಏನೋ ಒಂದು ನನಗೆ ಗೊತ್ತಿಲ್ಲ ಎಂಬ ಅಂಜಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ತಾಂತ್ರಿಕ ಕೆಲಸದಲ್ಲಿ ಮುಂದೆ ಬರುವುದು ಹೇಗೆ ಎಂದು ಇಂಗ್ಲಿಷ್ ವಿಡಿಯೋಗಳಲ್ಲಿ ದೊಡ್ಡವರು ಹೇಳುವುದನ್ನು ಕೇಳಿ, ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಹದಿನೇಳು ಮಾತುಗಳಾಗಿದ್ದವು. ಒಂದೇ ಕಡೆ ಎರಡು ವರ್ಷಕ್ಕಿಂತ ಹೆಚ್ಚು ಇರಬೇಡ. ಮಾಡಿದ ಕೆಲಸಕ್ಕೆ ಅಂಕಿ ಕೊಡು. ನಾಲ್ಕು ಜನರ ಕಣ್ಣಿಗೆ ಬೀಳು. ಅವಕಾಶ ಬಂದರೆ ಮೊದಲು ಒಪ್ಪಿಕೊ, ಮಾಡುವುದು ಹೇಗೆಂದು ಆಮೇಲೆ ಕಲಿ. ಹೀಗೆ.

ಭಟ್ಕಳದ ಪಕ್ಕದ ಜಾಲಿಯಲ್ಲಿ ಒಂದು ಆಫೀಸು, ದುಬೈ ಅಂಗಡಿಗಳ ದಾಸ್ತಾನು ನೋಡಿಕೊಳ್ಳುವ ತಂತ್ರಾಂಶದ ಕೆಲಸ. ಅಲ್ಲಿಂದ ಬಂದ ಪತ್ರವನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಜಯಶ್ರೀ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಎಂತ ಮಾಡೂದು ಹೇಳು ಎಂದು ನನ್ನನ್ನು ಕೇಳಿದಳು. ಹೋಗಬೇಡ ಎನ್ನುವುದು ನನ್ನ ಬಾಯಲ್ಲೇ ಇತ್ತು. ಆದರೆ ಅದು ಅವಳ ಒಳ್ಳೆಯದಕ್ಕೋ ನನ್ನ ಆಸೆಗೋ ಎಂದು ಯೋಚಿಸಿದಾಗ, ನನ್ನ ಆಸೆಗೇ ಎಂದು ಸ್ಪಷ್ಟವಾಗಿತ್ತು. ಹಾಗಾಗಿ ಚೀಲದಿಂದ ನೋಟ್‌ಬುಕ್ ತೆಗೆದು ಹದಿನೇಳನ್ನೂ ಓದಿದೆ. ಒಂದನ್ನು ಬಿಟ್ಟರೆ ಮೋಸವಾದೀತೆಂದು ಒಂದನ್ನೂ ಬಿಡಲಿಲ್ಲ. ಮುಗಿಸಿ ತಲೆಯೆತ್ತುವಾಗ ಹೊನ್ನಾವರದ ಬಸ್ಸು ಬಂದಿತ್ತು. "ಆತು" ಎಂದು ಹೇಳಿ ಹತ್ತಿದಳು.

ಆಮೇಲೆ ನಾನು ಉಳಿದೆ. ಎರಡು ವರ್ಷ ದಾಟಿತು, ನಾಲ್ಕು ದಾಟಿತು. ನೋಟ್‌ಬುಕ್ಕಿನ ಮೊದಲ ಮಾತನ್ನೇ ನಾನು ಪಾಲಿಸಲಿಲ್ಲ. ಕಾರಣ ಕೇಳಿದವರಿಗೆ ಅಮ್ಮನ ಮಂಡಿನೋವು ಎನ್ನುತ್ತಿದ್ದೆ. ಮಂಡಿನೋವು ಸುಳ್ಳಲ್ಲ. ಆದರೆ ದಿನಾ ಬೆಳಿಗ್ಗೆ ಫೋನ್ ಸರಿಯಾಗಿ ಹೋಯಿತೋ ಇಲ್ಲವೋ ಎಂದು ಹೆಡ್‌ಫೋನ್ ಹಾಕಿ ನೋಡುವ ಕೆಲಸ ಬೇರೆ ಯಾವ ಆಫೀಸಿನಲ್ಲೂ ಸಿಗುವಂತಿರಲಿಲ್ಲ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನೆರವು ಕೊಡುವ ಸಂಸ್ಥೆಯವರು, ಖರ್ಚು ಇಳಿಸಿ, ಇಲ್ಲದಿದ್ದರೆ ಮುಂದಿನ ವರ್ಷ ಕಷ್ಟ ಎಂದರು. ನನಗೆ ನೋಟ್‌ಬುಕ್ಕಿನ ಎರಡನೆಯ ಮಾತು ನೆನಪಾಯಿತು. ಅಂಕಿ ಕೊಡು. ಜಯಶ್ರೀಯ ಪ್ರತಿ ತುಣುಕಿನ ಕೊನೆಯಲ್ಲೂ ಸುಮಾರು ಎರಡು ಸೆಕೆಂಡಿನ ಮೌನವಿತ್ತು. ಹೊಸದಾಗಿ ರೆಕಾರ್ಡ್ ಮಾಡುವವಳ ಅನನುಭವ ಎಂದೇ ನಾನು ತಿಳಿದುಕೊಂಡಿದ್ದೆ. ಮೌನವನ್ನೆಲ್ಲ ಕತ್ತರಿಸುವ ಸಣ್ಣದೊಂದು ಪ್ರೋಗ್ರಾಂ ಬರೆದೆ. ಇಪ್ಪತ್ತೆರಡು ಸೆಕೆಂಡಿನ ಕರೆ ಹದಿನಾಲ್ಕಕ್ಕೆ ಇಳಿಯಿತು. ಭಾಸ್ಕರಣ್ಣನಿಗೆ ಖುಷಿಯಾಗಿ ಸಂಸ್ಥೆಗೆ ನನ್ನ ಹೆಸರು ಹಾಕಿ ಮೇಲ್ ಕಳಿಸಿದರು. ಅವರೂ ಮೆಚ್ಚಿ ಉತ್ತರ ಬರೆದರು. ಆ ಉತ್ತರವನ್ನು ನಾನು ನಾಲ್ಕು ಸಲ ಓದಿದೆ.

ಹತ್ತು ದಿನಕ್ಕೆ ವರದಿ ನೋಡಿದರೆ ಕರೆಯನ್ನು ಕೊನೆಯವರೆಗೆ ಕೇಳುವವರು ಅರ್ಧಕ್ಕೆ ಇಳಿದಿದ್ದರು. ಮೊದಲು ಮುನ್ನೂರು ಜನ ಕೇಳುತ್ತಿದ್ದಲ್ಲಿ ಈಗ ನೂರೈವತ್ತೂ ಇಲ್ಲ. ನೆಟ್‌ವರ್ಕ್ ಎಂದುಕೊಂಡೆ. ಟವರಿನವರನ್ನು ಕೇಳಿದರೆ ತೊಂದರೆಯೇನೂ ಇಲ್ಲ ಎಂದರು. ಅಷ್ಟರಲ್ಲಿ ಸಂಸ್ಥೆಯವರ ಫೋನ್ ಬಂತು. ಕೇಳುವವರೇ ಇಲ್ಲದಿದ್ದರೆ ರೆಕಾರ್ಡಿಂಗ್ ಹಳತಾಗಿದೆ ಎಂದರ್ಥ, ಮುಂದಿನ ಒಂದನೇ ತಾರೀಕಿಗೆ ಬಂದು ನೋಡುತ್ತೇವೆ, ಸರಿಹೋಗದಿದ್ದರೆ ಆ ದನಿ ತೆಗೆದು ಮೆಷಿನ್ ದನಿ ಹಾಕಿಬಿಡೋಣ ಎಂದರು. ನನ್ನ ಕೈಯಲ್ಲಿ ಇದ್ದದ್ದು ಹದಿನೆಂಟು ದಿನ.

ಬಸ್ಸು ಹಿಡಿದು ಅಘನಾಶಿನಿಗೆ ಹೋದೆ. ಮಾದೇವಕ್ಕ ಜಗಲಿಯಲ್ಲಿ ಕೂತು ಬಳಚು ಬಿಡಿಸುತ್ತಿದ್ದಳು. ಸೇವೆ ಶುರುವಾದ ದಿನದಿಂದ ನಮ್ಮ ಕರೆ ಎತ್ತುವವಳು. ನನ್ನನ್ನು ನೋಡಿದ್ದೇ, ಕೈ ನಿಲ್ಲಿಸದೆ ಕೇಳಿದಳು.

"ತಮಾ, ಆ ಹುಡ್ಗಿಗೆ ನಮ್ಮೇಲೆ ಎಂತಕ್ಕೆ ಸಿಟ್ಟು?"

ಯಾವ ಹುಡುಗಿ ಎಂದೆ. ಫೋನಿನ ಹುಡುಗಿ, ಮತ್ಯಾರು ಎಂದಳು. ಅವಳಿಗೆ ಸಿಟ್ಟಿಲ್ಲ, ಅದು ಆರು ವರ್ಷದ ಹಿಂದೆ ಹೇಳಿದ ದನಿಯೇ, ಒಂದಕ್ಷರವೂ ಬದಲಾಗಿಲ್ಲ ಎಂದು ವಿವರಿಸಿದೆ. ಮಾದೇವಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮೊಬೈಲಿನಲ್ಲೇ ಅವತ್ತಿನ ಕರೆ ಹಾಕಿಸಿದಳು. ಇವತ್ತು ಸಪ್ತಮಿ ಎಂದಿತು ದನಿ. ಮಾದೇವಕ್ಕ ಹೂಂ ಎಂದಳು. ಅವಳ ಹೂಂ ಮುಗಿಯುವುದರೊಳಗೆ ದನಿ ನೀರಿಗೆ ಹೋಗಿತ್ತು. ಅದಕ್ಕೆ ಹೂಂ ಎನ್ನುವಾಗ ಗಾಳಿಗೆ ಹೋಗಿತ್ತು. ಗಾಳಿಗೆ ಹೂಂ ಎನ್ನುವಾಗ ಗಾಡಿಯನ್ನೂ ಹೇಳಿ ಕರೆಯೇ ಮುಗಿದಿತ್ತು.

"ಕಂಡ್ಯಾ? ಮೊದ್ಲು ಹೀಗೆ ಇರ್ಲಿಲ್ಲ. ಒಂದು ಮಾತು ಹೇಳೂದು, ನಾವು ಹೂಂ ಅನ್ನೂವರೆಗೆ ಕಾಯೂದು, ಮತ್ತೊಂದು ಹೇಳೂದು. ಈಗ ಹೂಂ ಅನ್ನೂಕೂ ಬಿಡೂದಿಲ್ಲ. ನಾವು ಕೇಳ್ತೇವೋ ಇಲ್ವೋ ಅದಕ್ಕೆ ಬೇಡ. ಅಂಥವ್ರ ಮಾತು ನಮಗೆಂತಕ್ಕೆ?"

ನೀರಿಳಿಯುವ ಹೊತ್ತು ತಿಳಿಯಬೇಕಲ್ಲ ಎಂದೆ. ಮಾದೇವಕ್ಕ ನಕ್ಕಳು. ಸಪ್ತಮಿಯ ದಿನ ನೀರು ಯಾವಾಗ ಇಳಿಯುತ್ತದೆಂದು ತನಗೆ ಫೋನ್ ಹೇಳಬೇಕೇ ಎಂದು ಕೇಳಿದಳು. ಗಾಡಿಯ ಹೊತ್ತು ಬೇಕಾಗುತ್ತದೆ, ಗಾಳಿಯ ಸುದ್ದಿಯೂ ಕೆಲವು ದಿನ ಬೇಕಾಗುತ್ತದೆ. ಆದರೆ ಕತ್ತಲಲ್ಲಿ ಒಬ್ಬಳೇ ಎದ್ದು ಒಲೆ ಹೊತ್ತಿಸುವಾಗ ಒಂದು ಹೆಣ್ಣು ದನಿ ಸುದ್ದಿ ಹೇಳುತ್ತಿತ್ತು, ತಾನು ಹೂಂಗುಟ್ಟುತ್ತಿದ್ದೆ, ಅಷ್ಟೇ ಎಂದಳು.

ನನ್ನ ಅಜ್ಜಿಯೂ ಕಥೆ ಹೇಳುವಾಗ ಹೂಂ ಅನ್ನದಿದ್ದರೆ ನಿಲ್ಲಿಸಿಬಿಡುತ್ತಿದ್ದಳು. ಗೋಡೆಗೆ ಕಥೆ ಹೇಳುವುದಿಲ್ಲ ಎನ್ನುತ್ತಿದ್ದಳು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಗೊತ್ತಿರಲಿಲ್ಲ. ಜಯಶ್ರೀಯ ಮನೆಯಲ್ಲಿ ಹಾಡೂ ಹಾಗೆಯೇ. ಇಬ್ಬರು ಒಂದು ಸೊಲ್ಲು ಎತ್ತಿದರೆ, ಇನ್ನಿಬ್ಬರು ಅದನ್ನು ತೆಗೆದುಕೊಂಡ ಮೇಲೆಯೇ ಮುಂದಿನದು ಎಂದು ಅವಳೇ ಹೇಳಿದ್ದಳು. ರೆಕಾರ್ಡ್ ಮಾಡುವಾಗ ಪ್ರತಿ ಮಾತಿನ ನಂತರ ಅವಳ ಗದ್ದ ಸ್ವಲ್ಪ ತಗ್ಗುತ್ತಿತ್ತು. ಮುಂದಿನ ಸಾಲನ್ನು ನೆನಪಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದೆ. ಅಘನಾಶಿನಿಯ ಹೆಂಗಸರ ಹೂಂ ಅನ್ನು ಅವರು ಹೇಳುವ ಮೊದಲೇ ಅವಳು ಕೇಳಿಸಿಕೊಳ್ಳುತ್ತಿದ್ದಳು.

ಮೌನವಿದ್ದ ಮೂಲ ತುಣುಕುಗಳು ಉಳಿದಿರಲಿಲ್ಲ. ಕತ್ತರಿಸಿದ್ದನ್ನು ಹಳೆಯದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದೆ. ಮೂಲದ ಇನ್ನೊಂದು ಪ್ರತಿ ಆಫೀಸಿನ ಹಳೇ ಕಂಪ್ಯೂಟರಿನಲ್ಲಿದೆ ಎಂಬ ಧೈರ್ಯ. ಆ ಕಂಪ್ಯೂಟರು ಉಪ್ಪುಗಾಳಿಗೆ ತುಕ್ಕು ಹಿಡಿದು ಜುಲೈನಲ್ಲೇ ಸತ್ತಿತ್ತು, ನಾನು ನೋಡಿರಲಿಲ್ಲ. ಬರೀ ಮೌನವನ್ನು ನಡುನಡುವೆ ತುಂಬಿ ನೋಡಿದೆ. ಮಾದೇವಕ್ಕನಿಗೆ ಕೇಳಿಸಿದರೆ, ಇದು ನೆಟ್‌ವರ್ಕ್ ಕಡಿದು ಹೋದಂತೆ ಇದೆ ಎಂದಳು. ಪ್ರತಿ ಮಾತಿನ ಬಾಲದಲ್ಲಿ ದನಿ ತಗ್ಗುವ ಜಾಗವನ್ನೂ ನನ್ನ ಪ್ರೋಗ್ರಾಂ ಮೌನವೆಂದೇ ಲೆಕ್ಕ ಹಿಡಿದು ಕತ್ತರಿಸಿಹಾಕಿತ್ತು.

ಭಾಸ್ಕರಣ್ಣನಿಗೆ ಹೇಳಬೇಕಿತ್ತು. ನೋಟ್‌ಬುಕ್ಕಿನ ಒಂಬತ್ತನೆಯ ಮಾತು, ತಪ್ಪನ್ನು ಬೇಗ ಒಪ್ಪಿಕೊ. ಹತ್ತನೆಯದು, ಬಂದ ಹೆಸರನ್ನು ಬಿಟ್ಟುಕೊಡಬೇಡ. ಒಂದರ ಕೆಳಗೆ ಒಂದು ಬರೆಯುವಾಗ ಇವೆರಡೂ ಒಂದೇ ದಿನ ಎದುರಾಗಬಹುದೆಂದು ನನಗೆ ಹೊಳೆದಿರಲಿಲ್ಲ. ಹೇಳಿದೆ. ಭಾಸ್ಕರಣ್ಣ ಕನ್ನಡಕ ತೆಗೆದು, ನಿನ್ನ ಹೆಸರು ಹಾಕಿ ಮೇಲ್ ಕಳ್ಸಿದ್ನಲ್ಲೋ ಮಾರಾಯ ಎಂದು ನಿಟ್ಟುಸಿರಿಟ್ಟರು. ಆಮೇಲೆ, ಬೇರೆ ದಾರಿ ಇಲ್ಲ, ಭಟ್ಕಳಕ್ಕೆ ಹೋಗಿ ಅವಳ ಹತ್ತಿರವೇ ಮತ್ತೊಮ್ಮೆ ಹೇಳಿಸಿಕೊಂಡು ಬಾ ಎಂದರು. ಆರು ವರ್ಷ ನನಗೆ ಸಿಗದ ಕಾರಣ ಸಿಕ್ಕಿತ್ತು. ಅದಕ್ಕಾಗಿ ಒಳಗೊಳಗೇ ಸಂತೋಷವೂ ಆಯಿತು. ಕೆಲಸ ಕೆಡಿಸಿದ್ದಕ್ಕೆ ಸಂತೋಷಪಡುವವನು ಎಂಥವನು ಎಂದು ರಾತ್ರಿ ನಿದ್ದೆ ಬರಲಿಲ್ಲ.

ಜಯಶ್ರೀ ಫೋನಿನಲ್ಲಿ, ಶುಕ್ರವಾರ ಮಧ್ಯಾಹ್ನ ಬಾ ಎಂದಳು. ನಮಾಜಿನ ಹೊತ್ತಿಗೆ ಅಂಗಡಿಗಳೆಲ್ಲ ಮುಚ್ಚುತ್ತವೆ, ಒಂದು ತಾಸು ರಸ್ತೆ ಪೂರಾ ಸದ್ದಿಲ್ಲದೆ ಇರುತ್ತದೆ.

ಹೊನ್ನಾವರದ ಸೇತುವೆ ದಾಟುವಾಗ ಇಬ್ಬರೂ ಓದಿದ ಕಟ್ಟಡದ ಕಡೆಗೆ ನೋಡಿದೆ. ಮರ ಬೆಳೆದು ಮುಚ್ಚಿತ್ತು. ಚೀಲದಲ್ಲಿ ಮೈಕು, ರೆಕಾರ್ಡರ್, ತೊಂಬತ್ತನಾಲ್ಕು ಸಾಲಿನ ಪಟ್ಟಿ, ಮತ್ತೆ ಯಾಕೋ ಆ ನೋಟ್‌ಬುಕ್ಕೂ ಇತ್ತು.

ಜಾಲಿಯಲ್ಲಿ ಅವಳ ಆಫೀಸು ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲಿಳಿದು ಬಂದವಳು ಅಂಗಡಿಯ ಮುದುಕರೊಂದಿಗೆ ಭಟ್ಕಳದ ನವಾಯತಿ ಭಾಷೆಯಲ್ಲಿ ಏನೋ ಹೇಳಿ ನಗಿಸಿ, ಗೋದಾಮಿನ ಕೀಲಿ ತೆಗೆದುಕೊಂಡಳು. ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಳು. ಕೈಕೆಳಗೆ ಒಂಬತ್ತು ಜನ ಇದ್ದಾರೆಂದು ಆಗಲೇ ಕೇಳಿದ್ದೆ. ನೋಟ್‌ಬುಕ್ಕಿನ ಮಾತುಗಳು ಸುಳ್ಳಲ್ಲ. ಪಾಲಿಸಿದವಳು ನನ್ನೆದುರಿಗೇ ನಿಂತಿದ್ದಳು, ಅವಳಿಗೆ ಒಳ್ಳೆಯದೇ ಆಗಿತ್ತು.

ಗೋದಾಮಿನಲ್ಲಿ ಮಾಡಿನವರೆಗೆ ಬಟ್ಟೆಯ ಥಾನುಗಳು. ಸದ್ದನ್ನು ಅವೇ ನುಂಗುತ್ತವೆ ಎಂದು ಆ ಜಾಗ ಆರಿಸಿದವಳು ಅವಳೇ. ಹೊರಗೆ ಶಟರ್ ಎಳೆಯುವ ಸದ್ದು ಒಂದೊಂದಾಗಿ ಕೇಳಿ ನಿಂತಿತು. ನಾನು ನಡೆದದ್ದನ್ನು ಹೇಳಿದೆ. ಮಾದೇವಕ್ಕನ ಸಿಟ್ಟಿನ ಮಾತಿಗೆ ಜಯಶ್ರೀ ನಕ್ಕಳು. ಮೌನ ಕತ್ತರಿಸಿದ್ದಕ್ಕೆ ನಗಲಿಲ್ಲ.

ಮೊದಲ ಹತ್ತು ಸಾಲು ಹೇಳಿದಳು. ಹಾಕಿ ಕೇಳಿದೆವು. ಸ್ಪಷ್ಟವಾಗಿತ್ತು, ಆದರೆ ಒಂದರ ಬೆನ್ನಿಗೆ ಒಂದು ತಾಗಿಕೊಂಡಿತ್ತು. ಮತ್ತೆ ಹೇಳಿದಳು. ಮತ್ತೆ ಹಾಗೆಯೇ. ಎರಡು ಸೆಕೆಂಡು ನಿಲ್ಲು ಎಂದೆ. ನಿಂತಳು. ಬೆರಳಲ್ಲಿ ಎಣಿಸಿ ನಿಂತ ಎರಡು ಸೆಕೆಂಡು ಎಂದು ಕೇಳಿದ ಕೂಡಲೇ ಗೊತ್ತಾಗುತ್ತಿತ್ತು.

"ಇದು ನಾನಲ್ಲ" ಎಂದಳು ಅವಳು ಹೆಡ್‌ಫೋನ್ ತೆಗೆದು. ಮೀಟಿಂಗುಗಳಲ್ಲಿ ಮಾತಾಡಿ ಆಡಿ ಹೀಗಾಗಿದೆ, ಅಲ್ಲಿ ಒಂದು ಸಲ ಉಸಿರು ತೆಗೆದರೆ ಸಾಕು, ಮಾತು ಬೇರೆಯವರ ಪಾಲಾಗುತ್ತದೆ, ಮೊದಲ ವರ್ಷ ತನಗೆ ಒಂದು ಮಾತೂ ಮುಗಿಸಲಾಗುತ್ತಿರಲಿಲ್ಲ, ಆಮೇಲೆ ನಿಲ್ಲಿಸದೆ ಮಾತಾಡುವುದನ್ನು ಕಲಿತೆ ಎಂದಳು. ಸದ್ದಿಲ್ಲದ ಆ ಒಂದು ತಾಸು ಕರಗುತ್ತಿತ್ತು. ಮುಂದಿನ ಶುಕ್ರವಾರದವರೆಗೆ ಕಾದರೆ ಒಂದನೇ ತಾರೀಕು ಬಂದುಬಿಡುತ್ತಿತ್ತು.

"ನೀ ಎದ್ರಿಗೆ ಕೂತ್ಕ" ಎಂದಳು. "ಹೂಂ ಹೇಳು."

"ರೆಕಾರ್ಡಿಂಗಲ್ಲಿ ನನ್ನ ದನೀನೂ ಬರ್ತದೆ."

"ಬರ್ಲಿ. ಆಮೇಲೆ ತೆಗಿ. ತೆಗೆಯೂದು ನಿಂಗೆ ಚಲೋ ಬರ್ತದಲ್ಲ."

ಥಾನುಗಳ ನಡುವೆ ಒಂದು ಸ್ಟೂಲು ಎಳೆದು ಅವಳ ಎದುರಿಗೆ ಕೂತೆ. ಇವತ್ತು ಪಾಡ್ಯ ಎಂದಳು. ಹೂಂ ಎಂದೆ. ಅವಳ ಗದ್ದ ಸ್ವಲ್ಪ ತಗ್ಗಿತು. ಇವತ್ತು ಬಿದಿಗೆ. ಹೂಂ. ಇವತ್ತು ತದಿಗೆ. ಐದನೆಯದಕ್ಕೋ ಆರನೆಯದಕ್ಕೋ ಅವಳ ದನಿ ಕುಮಟೆಯದಾಯಿತು. ಮಾತಿನ ಕೊನೆ ಮೆಲ್ಲಗೆ ಇಳಿದು, ನನ್ನ ಹೂಂ ಬಂದು ಕೂರುವಷ್ಟು ಜಾಗ ಬಿಟ್ಟು, ಮುಂದಿನದು ಏಳುತ್ತಿತ್ತು. ತೊಂಬತ್ತನಾಲ್ಕು ಸಾಲು. ನೀರಿನ ಹೊತ್ತು, ಗಾಳಿ, ಗಾಡಿ ಇಷ್ಟರ ಹೊರತು ನಾವು ಬೇರೇನೂ ಮಾತಾಡಲಿಲ್ಲ. ಆರು ವರ್ಷದಲ್ಲಿ ಯಾರೊಡನೆಯೂ ನಾನು ಅಷ್ಟು ಹೊತ್ತು ಮಾತಾಡಿದ್ದು ನೆನಪಿಲ್ಲ.

ಕೊನೆಯ ಸಾಲು ಮುಗಿದ ಮೇಲೆ ಮೈಕನ್ನು ಕಳಚಲು ಕೈ ಹಾಕಿದೆ. ಆಗ ಅವಳು ಹೇಳಿದಳು, ದುಬೈ ಆಫೀಸಿನಲ್ಲಿ ಎರಡು ವರ್ಷದ ಕೆಲಸಕ್ಕೆ ಕರೆದಿದ್ದಾರೆ, ಸೋಮವಾರ ಉತ್ತರ ಕೊಡಬೇಕು ಎಂದು.

"ನಿನ್ನ ಪುಸ್ತಕದಲ್ಲಿ ಇದಕ್ಕೆ ಎಂತ ಬರ್ದದೆ?"

ಚೀಲ ನನ್ನ ಕಾಲ ಬಳಿಯೇ ಇತ್ತು. ತೆರೆಯಲಿಲ್ಲ, ಬಾಯಿಪಾಠವಾಗಿತ್ತು.

"ಅವಕಾಶ ಬಂದ್ರೆ ಮೊದ್ಲು ಒಪ್ಪಿಕೊ ಅಂತ ಅದೆ."

ಅಲ್ಲಿಗೇ ನಿಲ್ಲಿಸಿದೆ. ಅವಳು ಹೂಂ ಎಂದಳು.

"ಅದು ನಾ ಹೇಳಿದ ಮಾತಲ್ಲ. ಕೇಳಿ ಬರ್ಕೊಂಡದ್ದು."

ಹೂಂ ಎಂದಳು.

"ನಂಗೆ ನೀ ಹೋಗೂದು ಬೇಡ."

ಇದಕ್ಕೆ ಹೂಂ ಬರಲಿಲ್ಲ. ಅವಳು ಥಾನಿನ ಅಂಚಿನಲ್ಲಿದ್ದ ಒಂದು ಬಿಡಿ ನೂಲನ್ನು ಎಳೆದು ಬೆರಳಿಗೆ ಸುತ್ತುತ್ತಾ ಕೂತಳು.

"ಆವತ್ತು ಬಸ್‌ಸ್ಟ್ಯಾಂಡಲ್ಲಿ ನೀ ಹದಿನೇಳು ಮಾತು ಓದ್ದೆ" ಎಂದಳು ಕೊನೆಗೆ. "ಒಂದು ಕಡೆಗೂ ನಿಲ್ಲಿಸ್ಲಿಲ್ಲ. ನಾ ಎಲ್ಲಿ ಬಾಯಿ ಹಾಕೂದು?"

ನಿಲ್ಲಿಸಿದ್ದರೆ ಹೋಗುತ್ತಿರಲಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತೋ ಏನೋ.

"ಹೋಗ್ತಿದ್ದೆ. ನಂಗೆ ಹೋಗ್ಬೇಕಂತ ಇತ್ತು. ಈಗ್ಲೂ ಅದೆ." ನೂಲನ್ನು ಬೆರಳಿಂದ ಬಿಚ್ಚಿದಳು. "ಆದ್ರೆ ಬೇಡ ಅಂತ ಒಬ್ರಾದ್ರೂ ಹೇಳ್ಬೇಕಾಗಿತ್ತು. ನೀ ಹೇಳ್ತೆ ಅಂದ್ಕೊಂಡೇ ನಿನ್ನ ಕೇಳಿದ್ದು."

ಹೊರಗೆ ಶಟರುಗಳು ಏಳಲು ಶುರುವಾದವು. ಅವಳು ಎದ್ದು, ಕೆಲಸ ಮುಗಿಸಿದವರಂತೆ ಸೀರೆಯ ನೆರಿಗೆ ಕೊಡವಿಕೊಂಡು, ಬಸ್ಸಿಗೆ ಹೊತ್ತಾತು ನಿಂಗೆ ಎಂದಳು. ನಾನು ಮೈಕನ್ನೂ ರೆಕಾರ್ಡರನ್ನೂ ಹಾಗೆಯೇ ಚೀಲಕ್ಕೆ ತುಂಬಿಕೊಂಡೆ. ಅವಳು ಮೆಟ್ಟಿಲವರೆಗೆ ಬಂದಳು. ರೆಕಾರ್ಡರ್ ಇನ್ನೂ ನಡೆಯುತ್ತಲೇ ಇದೆಯೆಂದು ನನಗೆ ಗೊತ್ತಾದದ್ದು ಬಸ್ಸು ಶರಾವತಿ ದಾಟುವಾಗ. ಗೋದಾಮಿನ ಆ ಕೊನೆಯ ಭಾಗ, ಮೆಟ್ಟಿಲು, ರಸ್ತೆಯ ಗದ್ದಲ, ಕಂಡಕ್ಟರ್ ಚಿಲ್ಲರೆ ಕೇಳಿದ್ದು, ಎಲ್ಲ ಅದರಲ್ಲಿತ್ತು.

ತೊಂಬತ್ತನಾಲ್ಕು ಹೂಂಗಳನ್ನು ತೆಗೆಯಲು ಮೂರು ದಿನ ಬೇಕಾಯಿತು. ಈ ಸಲ ಪ್ರೋಗ್ರಾಮಿಗೆ ಬಿಡಲಿಲ್ಲ. ಒಂದೊಂದನ್ನೂ ಕೈಯಲ್ಲೇ ತೆಗೆದು, ಆ ಜಾಗದಲ್ಲಿ ಅಷ್ಟೇ ಉದ್ದದ ಗೋದಾಮಿನ ಮೌನವನ್ನು ಕೂರಿಸಿದೆ. ಒಂದೆರಡನ್ನು ಬಿಟ್ಟುಬಿಡಲೇ ಎಂಬ ಆಸೆ ಇತ್ತು. ಆದರೆ ಆ ಜಾಗ ಮಾದೇವಕ್ಕನದು. ಮೂಲವನ್ನು ಮೂರು ಕಡೆ ಇಟ್ಟೆ.

ಒಂದನೇ ತಾರೀಕಿಗೆ ಸಂಸ್ಥೆಯವರು ಬಂದಾಗ ಕೊನೆಯವರೆಗೆ ಕೇಳಿದವರು ಇನ್ನೂರ ಎಂಬತ್ತಾರು. ಕರೆ ಉದ್ದವಾಗಿದೆಯಲ್ಲ ಎಂದರು. ಹೌದು, ಹೆಂಗಸರಿಗೆ ಹೂಂ ಎನ್ನಲು ಬೇಕು ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ವರ್ಷಕ್ಕೆ ಮುಂದುವರಿಸುತ್ತೇವೆ, ಕರೆಯನ್ನು ಇನ್ನಷ್ಟು ಉದ್ದ ಮಾಡಬೇಡಿ ಎಂದು ಬರೆದು ಹೋದರು. ಮಾದೇವಕ್ಕ ಎದುರು ಸಿಕ್ಕಾಗ, ಹುಡುಗಿಯ ಸಿಟ್ಟು ಇಳಿಯಿತು, ಆದರೆ ಏನೋ ದುಃಖ ಇದೆ ಅದಕ್ಕೆ ಎಂದಳು. ಇರಬಹುದು ಎಂದೆ.

ಜಯಶ್ರೀ ದುಬೈಗೆ ಹೋಗಿ ಈಗ ನಾಲ್ಕು ತಿಂಗಳು. ಹೋಗುವ ಮುನ್ನ ಫೋನ್ ಮಾಡಿದ್ದಳು. ನಾನು ಇನ್ನೊಮ್ಮೆ ಬೇಡ ಎಂದೆ. ಅವಳು ಹೂಂ ಎಂದಳು, ಹೋದಳು. ವಾರಕ್ಕೊಮ್ಮೆ ಮಾತಾಡುತ್ತೇವೆ. ಈಗ ನಡುವೆ ನಿಲ್ಲಿಸಲು ನನಗೆ ಬರುತ್ತದೆ. ಅವಳು ಎರಡು ವರ್ಷ ಮುಗಿಸಿ ಬರುತ್ತಾಳೋ, ಅಲ್ಲಿಂದ ಮುಂದೆ ಹೋಗುತ್ತಾಳೋ ಕೇಳಿಲ್ಲ. ನೋಟ್‌ಬುಕ್ ಆಫೀಸಿನ ಕಪಾಟಿನಲ್ಲಿದೆ. ಹರಿದು ಹಾಕಿಲ್ಲ. ಮೊನ್ನೆ ಹೊನ್ನಾವರದ ಸಂಜೆ ತರಗತಿಯ ಹುಡುಗಿಯೊಬ್ಬಳು ಬಂದು ಕೇಳಿದಾಗ ಅಲ್ಲೇ ಕೂತು ನೋಡಲು ಕೊಟ್ಟೆ, ಒಂದೊಂದೇ ಓದು ಎಂದೆ.

ಕರೆ ಹೋಗುವ ಪಟ್ಟಿಯ ಕೊನೆಗೆ ನನ್ನ ನಂಬರನ್ನೂ ಸೇರಿಸಿದ್ದೇನೆ. ಬೆಳಿಗ್ಗೆ ಐದೂವರೆಗೆ ಧಾರೇಶ್ವರದ ಮನೆಯ ಹಿತ್ತಿಲ ಬಾಗಿಲಲ್ಲಿ ಕೂತು ಎತ್ತುತ್ತೇನೆ. ಇವತ್ತು ದಶಮಿ ಎನ್ನುತ್ತಾಳೆ. ಹೂಂ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಬಳಚು ಹೆಕ್ಕುವವರು ಯಾರೂ ಇಲ್ಲ. ಹಾಗಾಗಿ ತಿಂಗಳ ವರದಿ ಕಳಿಸುವಾಗ, ಕೊನೆಯವರೆಗೆ ಕೇಳಿದವರ ಸಂಖ್ಯೆಯಿಂದ ಒಂದನ್ನು ಕಳೆದು ಬರೆಯುತ್ತೇನೆ.